ತೀರ್ಪು ಕೊಡುವವರ ಮೇಲೆ ನಿಗಾ ಯಾರದು?

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟ ಬಸ್ಸು ನೆಮ್ಮಾರು ದಾಟಿ ಕಾಡಿನೊಳಗೆ ಹೊಕ್ಕ ಮೇಲೆ ಸಿಗುವ ಊರು ಕೆರೆಕಟ್ಟೆ. ಕುದುರೆಮುಖದ ಬೆಟ್ಟಸಾಲಿನ ಮಗ್ಗುಲಲ್ಲಿ, ಅಡಿಕೆ ತೋಟ ಮತ್ತು ಅರಣ್ಯದ ನಡುವೆ ಹಂಚಿಹೋದ ಮನೆಗಳು. ಮಳೆಗಾಲದಲ್ಲಿ ಕರೆಂಟು ಇಲ್ಲದ ದಿನಗಳೇ ಹೆಚ್ಚು. ಇಂಥ ಊರಿನ ಒಬ್ಬ ಸಣ್ಣ ಬೆಳೆಗಾರ ತೋಟದಂಚಿನ ಅಗಳಿನ ವಿಷಯದಲ್ಲಿ ಪಕ್ಕದವರ ಮೇಲೆ ದಾವೆ ಹೂಡುತ್ತಾನೆ ಎಂದಿಟ್ಟುಕೊಳ್ಳೋಣ. ಬೆಳಗಿನ ಬಸ್ಸು ಹಿಡಿದು ಶೃಂಗೇರಿಯ ಕೋರ್ಟಿಗೆ ಹೋಗುತ್ತಾನೆ. ಒಂದು ವಾಯಿದೆ, ಎರಡು ವಾಯಿದೆ. ಮೂರನೆಯ ಸಲ ಹೋದಾಗ ಗುಮಾಸ್ತರು ಹೇಳುತ್ತಾರೆ: ‘ಸಾಹೇಬ್ರಿಗೆ ವರ್ಗ ಆಗಿದೆ. ಹೊಸಬರು ಇನ್ನೂ ಬಂದಿಲ್ಲ. ಪ್ರಭಾರದವರು ಬಂದಾಗ ನೋಡ್ಬೇಕು.’

ಆತ ಯಾರನ್ನು ಕೇಳಬೇಕು? ಶಾಸಕರನ್ನೇ? ತಹಸೀಲ್ದಾರರನ್ನೇ? ಜಿಲ್ಲಾಧಿಕಾರಿಯನ್ನೇ? ರಸ್ತೆ ಹಾಳಾದರೆ, ಪಡಿತರ ಬರದಿದ್ದರೆ, ಪಹಣಿಯಲ್ಲಿ ಹೆಸರು ತಪ್ಪಾದರೆ ಯಾರ ಮುಂದೆ ನಿಲ್ಲಬೇಕೆಂದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಆದರೆ ಕೋರ್ಟಿನಲ್ಲಿ ನ್ಯಾಯಾಧೀಶರ ಕುರ್ಚಿ ಖಾಲಿಯಿದ್ದರೆ ಅದನ್ನು ತುಂಬುವವರು ಯಾರು ಎಂಬುದು ಓದಿದವರಿಗೂ ಸುಲಭವಾಗಿ ಹೊಳೆಯುವುದಿಲ್ಲ. ಮೇಲೆ ಹೇಳಿದ ಮೂವರಿಗೂ ಆ ಅಧಿಕಾರವಿಲ್ಲ. ಮುಖ್ಯಮಂತ್ರಿಗೂ ಇಲ್ಲ. ಅದು ಇರುವುದು ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ, ವಿಧಾನಸೌಧದ ಎದುರು ನಿಂತ ಕೆಂಪು ಕಟ್ಟಡದಲ್ಲಿ. ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ.

ಈ ವ್ಯವಸ್ಥೆ ಹೀಗೇಕೆ ಇದೆ? ಅದು ನಡೆಯುವುದು ಹೇಗೆ? ಅದರಲ್ಲಿ ಜನಸಾಮಾನ್ಯನಿಗೆ ಎಷ್ಟು ಬಾಗಿಲುಗಳು ತೆರೆದಿವೆ?

ಎರಡು ದಾರಿಗಳು

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಕೆಳಗಿನ ಕೋರ್ಟಿನಿಂದ ಮೇಲಕ್ಕೆ ಹೋಗಲು ಎರಡು ಬೇರೆಬೇರೆ ದಾರಿಗಳಿವೆ. ಒಂದು ತೀರ್ಪಿನ ದಾರಿ, ಇನ್ನೊಂದು ಆಡಳಿತದ ದಾರಿ.

ತೀರ್ಪು ತಪ್ಪು ಎನಿಸಿದರೆ ಅದಕ್ಕೆ ಮದ್ದು ಮೇಲ್ಮನವಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಸಿವಿಲ್ ನ್ಯಾಯಾಧೀಶರ ಕೋರ್ಟು ಇರುತ್ತದೆ. ಹಿಂದೆ ಇದನ್ನೇ ಮುನ್ಸೀಫ್ ಕೋರ್ಟು ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಹಿರಿಯರು ಈಗಲೂ ಹಾಗೆಯೇ ಕರೆಯುತ್ತಾರೆ. ಅದೇ ಅಧಿಕಾರಿ ಪ್ರಥಮ ದರ್ಜೆಯ ದಂಡಾಧಿಕಾರಿಯಾಗಿ ಕ್ರಿಮಿನಲ್ ಮೊಕದ್ದಮೆಗಳನ್ನೂ ನೋಡುತ್ತಾರೆ. ಬೆಳಗ್ಗೆ ತೋಟದ ಗಡಿಯ ದಾವೆ, ಮಧ್ಯಾಹ್ನ ಹೊಡೆದಾಟದ ಕೇಸು. ಸಿವಿಲ್ ತೀರ್ಪಿನಿಂದ ಅಸಮಾಧಾನವಾದರೆ 30 ದಿನಗಳೊಳಗೆ ಹಿರಿಯ ಸಿವಿಲ್ ನ್ಯಾಯಾಧೀಶರ ಅಥವಾ ಜಿಲ್ಲಾ ನ್ಯಾಯಾಲಯದ ಮುಂದೆ ಮೇಲ್ಮನವಿ ಹಾಕಬೇಕು. ಅಲ್ಲಿಯೂ ಸೋತರೆ 90 ದಿನಗಳೊಳಗೆ ಹೈಕೋರ್ಟಿಗೆ ಎರಡನೆಯ ಮೇಲ್ಮನವಿ. ಅದನ್ನು ಕಾನೂನಿನ ಮಹತ್ವದ ಪ್ರಶ್ನೆಯೊಂದು ಇದ್ದರೆ ಮಾತ್ರ ಪರಿಗಣಿಸುತ್ತಾರೆ. ಅಗಳು ಯಾರ ಕಡೆ ಇತ್ತು ಎಂಬ ಸಾಕ್ಷ್ಯದ ಚರ್ಚೆ ಅಲ್ಲಿ ಸಾಮಾನ್ಯವಾಗಿ ಮತ್ತೆ ನಡೆಯುವುದಿಲ್ಲ.

ಆಡಳಿತದ ದಾರಿ ಬೇರೆ. ನ್ಯಾಯಾಧೀಶರು ಸಮಯಕ್ಕೆ ಸರಿಯಾಗಿ ಪೀಠದಲ್ಲಿ ಕೂರುತ್ತಾರೆಯೇ, ವಾದ ಮುಗಿದ ಮೇಲೆ ತೀರ್ಪು ತಿಂಗಳುಗಟ್ಟಲೆ ಬಾಕಿ ಉಳಿದಿದೆಯೇ, ದಾಖಲೆ ಕೊಠಡಿಯಲ್ಲಿ ಕಡತಗಳು ಗೆದ್ದಲು ಹಿಡಿಯುತ್ತಿವೆಯೇ, ಅಮೀನರು ಸಮನ್ಸು ಮುಟ್ಟಿಸಲು ಕೈಚಾಚುತ್ತಾರೆಯೇ - ಇವು ಆಡಳಿತದ ಪ್ರಶ್ನೆಗಳು. ಇವುಗಳಿಗೆ ಮೇಲ್ಮನವಿ ಮದ್ದಲ್ಲ. ಇಲ್ಲಿ ದೂರು, ತಪಾಸಣೆ, ವರದಿ ಮತ್ತು ಶಿಸ್ತುಕ್ರಮಗಳೇ ಸಾಧನ.

ಈ ಎರಡನ್ನೂ ಬೆರೆಸಬಾರದು ಎಂಬುದರಲ್ಲೇ ಇಡೀ ವ್ಯವಸ್ಥೆಯ ಗುಟ್ಟು ಅಡಗಿದೆ. ಜಿಲ್ಲಾ ನ್ಯಾಯಾಧೀಶರು ತಮ್ಮ ಕೈಕೆಳಗಿನ ನ್ಯಾಯಾಧೀಶರಿಗೆ ಫೋನು ಮಾಡಿ ‘ರಿಜಿಸ್ಟರು ಸರಿಯಾಗಿ ಇಟ್ಟಿಲ್ಲ’ ಎಂದು ಗದರಬಹುದು. ಆದರೆ ‘ಈ ದಾವೆಯನ್ನು ವಜಾ ಮಾಡಿ’ ಎನ್ನುವಂತಿಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಡಳಿತದ ಹೆಸರಿನಲ್ಲಿ ಹಾಗೆ ಹೇಳುವಂತಿಲ್ಲ. ತಾಲ್ಲೂಕು ಕೋರ್ಟಿನ ಕಿರಿಯ ನ್ಯಾಯಾಧೀಶರು ತಮ್ಮ ಮುಂದಿರುವ ಮೊಕದ್ದಮೆಯ ಮಟ್ಟಿಗೆ ಸ್ವತಂತ್ರರು.

ಗಡಿಯಾಚೆ ಮದರಾಸು

ಕೆರೆಕಟ್ಟೆಯಿಂದ ಮುಂದೆ ಕಾರ್ಕಳದ ದಾರಿಯಲ್ಲಿ ‘ಎಸ್.ಕೆ. ಬಾರ್ಡರ್’ ಎಂಬ ಜಾಗವಿದೆ. ಎಸ್.ಕೆ. ಎಂದರೆ ಸೌತ್ ಕೆನರಾ. ಆ ಜಿಲ್ಲೆಯ ಹಳೆಯ ಹೆಸರು ಹೋಗಿ ಎಷ್ಟೋ ಕಾಲವಾದರೂ ಬಸ್ಸಿನ ಬೋರ್ಡಿನಲ್ಲಿ ಉಳಿದುಕೊಂಡಿದೆ. ಒಂದು ಕಾಲದಲ್ಲಿ ಇದು ಬರಿಯ ಜಿಲ್ಲೆಯ ಗಡಿಯಾಗಿರಲಿಲ್ಲ. ಎರಡು ನ್ಯಾಯವ್ಯವಸ್ಥೆಗಳ ಗಡಿಯೂ ಆಗಿತ್ತು.

ಘಟ್ಟದ ಮೇಲಿನ ಶೃಂಗೇರಿ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಅಂತಿಮ ಮೇಲ್ಮನವಿ ಬೆಂಗಳೂರಿನ ಚೀಫ್ ಕೋರ್ಟಿಗೆ. ಮೂವರು ನ್ಯಾಯಾಧೀಶರಿದ್ದ ಈ ಕೋರ್ಟು ಸ್ಥಾಪನೆಯಾದದ್ದು 1884ರಲ್ಲಿ. 1930ರಲ್ಲಿ ಅದಕ್ಕೆ ಮೈಸೂರು ಹೈಕೋರ್ಟು ಎಂಬ ಹೆಸರಾಯಿತು. ಘಟ್ಟದ ಕೆಳಗಿನ ಮಾಳ, ಕಾರ್ಕಳದವರದು ಮದರಾಸು ಪ್ರಾಂತ. ಅವರ ಮೇಲ್ಮನವಿ ಹೋಗುತ್ತಿದ್ದುದು ಮದರಾಸಿನ ಹೈಕೋರ್ಟಿಗೆ. ಒಂದೇ ಘಟ್ಟದ ಎರಡು ಮಗ್ಗುಲಿನ ಇಬ್ಬರು ರೈತರು ಒಂದೇ ಬಗೆಯ ಜಗಳ ಆಡಿದರೂ ಒಬ್ಬನ ಕಡತ ಬೆಂಗಳೂರಿಗೆ, ಇನ್ನೊಬ್ಬನದು ಮದರಾಸಿಗೆ.

ಉತ್ತರದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರದವರು ಮುಂಬಯಿ ಹೈಕೋರ್ಟಿಗೆ, ಕಲಬುರ್ಗಿ, ಬೀದರ್, ರಾಯಚೂರಿನವರು ಹೈದರಾಬಾದಿಗೆ ಹೋಗುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವರೆಲ್ಲ ಒಂದೇ ಹೈಕೋರ್ಟಿನ ಕೆಳಗೆ ಬಂದರು. ಕಾಸರಗೋಡಿನ ಕನ್ನಡಿಗರು ಮಾತ್ರ ಅದೇ ದಿನ ಮದರಾಸಿನಿಂದ ಬಿಡಿಸಿಕೊಂಡು ಹೊಸದಾಗಿ ಹುಟ್ಟಿದ ಕೇರಳ ಹೈಕೋರ್ಟಿಗೆ ಸೇರಿದರು.

ಆದರೆ ಒಂದೇ ರಾಜ್ಯವಾದ ಮಾತ್ರಕ್ಕೆ ಕೆಳಗಿನ ಕೋರ್ಟುಗಳು ಒಂದಾಗಲಿಲ್ಲ. ಮುಂಬಯಿ ಕಡೆಯವು 1869ರ ಕಾಯ್ದೆಯಂತೆ, ಮದರಾಸಿನ ಕಡೆಯವು 1873ರ ಕಾಯ್ದೆಯಂತೆ ನಡೆಯುತ್ತಿದ್ದವು. ಮೈಸೂರಿನ ನಿಯಮ ಬೇರೆ, ಹೈದರಾಬಾದಿನದು ಬೇರೆ. ಇವಕ್ಕೆಲ್ಲ ಒಂದೇ ಅಚ್ಚು ಹಾಕಿದ್ದು 1964ರ ಸಿವಿಲ್ ನ್ಯಾಯಾಲಯಗಳ ಕಾಯ್ದೆ. ಈಗ ಬೀದರಿನಲ್ಲೂ ಶೃಂಗೇರಿಯಲ್ಲೂ ಕೋರ್ಟಿನ ಮೆಟ್ಟಿಲುಗಳ ಕ್ರಮ ಒಂದೇ.

ದೂರದ ಪ್ರಶ್ನೆ ಮಾತ್ರ ಉಳಿಯಿತು. ಉತ್ತರ ಕರ್ನಾಟಕದವರು ದಶಕಗಳ ಕಾಲ ಹೋರಾಡಿದ ಮೇಲೆ 2008ರ ಜುಲೈ ತಿಂಗಳಲ್ಲಿ ಧಾರವಾಡ ಮತ್ತು ಕಲಬುರ್ಗಿಯಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಪೀಠಗಳಾದವು. ಚಿಕ್ಕಮಗಳೂರು ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠದಲ್ಲೇ ಉಳಿದಿದೆ.

ಸಂವಿಧಾನದ ಎರಡು ಕೀಲಿಗಳು

ರಾಜರ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರೇ ಕಂದಾಯ ವಸೂಲಿ ಮಾಡುತ್ತಿದ್ದರು. ದಂಡಾಧಿಕಾರಿಯಾಗಿ ಶಿಕ್ಷೆಯನ್ನೂ ಕೊಡುತ್ತಿದ್ದರು. ತೆರಿಗೆ ಕೇಳುವವನೇ ತೀರ್ಪನ್ನೂ ಕೊಟ್ಟರೆ ರೈತನ ಗತಿ ಏನು ಎಂಬ ಪ್ರಶ್ನೆ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲೇ ಎದ್ದಿತ್ತು. ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕು ಎಂದು ಸರ್ಕಾರಕ್ಕೆ ನಿರ್ದೇಶಿಸಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಈ ವಿಭಜನೆಯನ್ನು ದೇಶದ ಬಹುಭಾಗದಲ್ಲಿ ಪೂರ್ತಿಗೊಳಿಸಿತು. ನ್ಯಾಯಿಕ ದಂಡಾಧಿಕಾರಿಗಳು ಹೈಕೋರ್ಟಿನ ಕಡೆಗೆ, ತಹಸೀಲ್ದಾರ್ ಮುಂತಾದ ಕಾರ್ಯಪಾಲಕ ದಂಡಾಧಿಕಾರಿಗಳು ಸರ್ಕಾರದ ಕಡೆಗೆ ಎಂದಾಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ವಿಭಜನೆಯನ್ನು ಉಳಿಸಿಕೊಂಡಿದೆ.

ಆದರೆ ಬೇರ್ಪಡಿಸಿದರಷ್ಟೇ ಸಾಲದು. ಬೇರ್ಪಟ್ಟ ಕೋರ್ಟುಗಳನ್ನು ನೋಡಿಕೊಳ್ಳುವವರು ಬೇಕಲ್ಲ? ಅದಕ್ಕಾಗಿ ಸಂವಿಧಾನ ಹೈಕೋರ್ಟಿನ ಕೈಗೆ ಎರಡು ಕೀಲಿಗಳನ್ನು ಕೊಟ್ಟಿದೆ.

ಒಂದು, 227ನೇ ವಿಧಿ. ತನ್ನ ವ್ಯಾಪ್ತಿಯೊಳಗಿನ ಎಲ್ಲ ನ್ಯಾಯಾಲಯಗಳು ಮತ್ತು ನ್ಯಾಯಮಂಡಳಿಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರವಿದೆ ಎನ್ನುತ್ತದೆ ಇದು. ಲೆಕ್ಕ, ವಿವರ ಕೇಳುವುದು, ನಿಯಮ ರೂಪಿಸುವುದು, ಯಾವ ಪುಸ್ತಕ ಹೇಗೆ ಇಡಬೇಕೆಂದು ಹೇಳುವುದು ಎಲ್ಲ ಇದರಲ್ಲಿ ಬರುತ್ತದೆ. ತಾಲ್ಲೂಕು ಕೋರ್ಟಿನ ದಾವೆ ರಿಜಿಸ್ಟರಿನ ಅಂಕಣಗಳೂ ಹೈಕೋರ್ಟಿನ ನಿಯಮಗಳಿಗೆ ಬದ್ಧ. ಕೆಳಗಿನ ಕೋರ್ಟು ತನ್ನ ಅಧಿಕಾರದ ಎಲ್ಲೆ ಮೀರಿದಾಗ ಅದನ್ನು ತಿದ್ದಲು ಕೂಡ ಇದೇ ವಿಧಿಯನ್ನು ಬಳಸಲಾಗುತ್ತದೆ.

ಇನ್ನೊಂದು, 235ನೇ ವಿಧಿ. ಜಿಲ್ಲಾ ನ್ಯಾಯಾಲಯ ಮತ್ತು ಅದರ ಕೆಳಗಿನ ಕೋರ್ಟುಗಳ ಮೇಲಿನ ‘ನಿಯಂತ್ರಣ’ ಹೈಕೋರ್ಟಿನದು ಎನ್ನುತ್ತದೆ ಈ ವಿಧಿ. ನಿಯಂತ್ರಣ ಎಂದರೆ ಎಲ್ಲಿಯತನಕ? ಈ ಪ್ರಶ್ನೆ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಲ್ಲಿನ ಸರ್ಕಾರ ಒಬ್ಬ ನ್ಯಾಯಾಧೀಶರ ಮೇಲೆ ತಾನೇ ವಿಚಾರಣೆ ನಡೆಸಿ ಕೆಲಸದಿಂದ ತೆಗೆದಿತ್ತು. ಎನ್.ಎನ್. ಬಾಗ್ಚಿ ಪ್ರಕರಣ ಎಂದು ಹೆಸರಾದ ಇದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನಿಯಂತ್ರಣ ಎಂದರೆ ಕಚೇರಿಯ ದಿನನಿತ್ಯದ ಏರ್ಪಾಡು ಮಾತ್ರವಲ್ಲ, ನ್ಯಾಯಾಧೀಶರ ಮೇಲಿನ ಶಿಸ್ತುಕ್ರಮವೂ ಅದರಲ್ಲಿ ಸೇರಿದೆ, ವಿಚಾರಣೆ ನಡೆಸಬೇಕಾದದ್ದು ಹೈಕೋರ್ಟೇ ಹೊರತು ಸರ್ಕಾರವಲ್ಲ ಎಂದಿತು. 1966ರ ವರದಿಗಳಲ್ಲಿ ದಾಖಲಾದ ಆ ತೀರ್ಪು ಇಂದಿಗೂ ತಾಲ್ಲೂಕು ಕೋರ್ಟಿನ ಬೆನ್ನೆಲುಬು. ಸರ್ಕಾರದ ವಿರುದ್ಧ, ಅರಣ್ಯ ಇಲಾಖೆಯ ವಿರುದ್ಧ, ಆಳುವ ಪಕ್ಷದ ಪುಢಾರಿಯ ವಿರುದ್ಧ ತೀರ್ಪು ಬರೆಯುವ ಕಿರಿಯ ನ್ಯಾಯಾಧೀಶರಿಗೆ ಮಾರನೆಯ ದಿನ ವರ್ಗಾವಣೆಯ ತಂತಿ ಬರುವ ಭಯವಿಲ್ಲದಿರುವುದು ಇದರಿಂದಲೇ.

ಇದು ಬರಿಯ ಪುಸ್ತಕದ ಮಾತಲ್ಲ. 1989ರಲ್ಲಿ ಗುಜರಾತಿನ ನಡಿಯಾದಿನಲ್ಲಿ ಪೊಲೀಸರು ಅಲ್ಲಿನ ಮುಖ್ಯ ನ್ಯಾಯಿಕ ದಂಡಾಧಿಕಾರಿಯನ್ನೇ ಬಂಧಿಸಿ, ಕೋಳ ತೊಡಿಸಿ, ಹಗ್ಗದಿಂದ ಕಟ್ಟಿದರು. ಸುಪ್ರೀಂ ಕೋರ್ಟು 1991ರಲ್ಲಿ ತಪ್ಪಿತಸ್ಥ ಪೊಲೀಸರಿಗೆ ಶಿಕ್ಷೆ ವಿಧಿಸಿತು. ನ್ಯಾಯಾಂಗದ ಅಧಿಕಾರಿಯನ್ನು ಬಂಧಿಸಬೇಕಾದರೆ ಜಿಲ್ಲಾ ನ್ಯಾಯಾಧೀಶರಿಗೆ ಅಥವಾ ಹೈಕೋರ್ಟಿಗೆ ತಿಳಿಸಬೇಕೆಂದು ಮಾರ್ಗಸೂಚಿಯನ್ನೂ ಹಾಕಿತು.

ತಪಾಸಣೆಗೆ ಬರುವವರು

ಹೈಕೋರ್ಟು ಎಂದರೆ ಬೆಂಗಳೂರಿನಲ್ಲಿ ಕುಳಿತ ಒಂದು ಹೆಸರು. ಅದರ ಕಣ್ಣು, ಕಿವಿ ಕೆರೆಕಟ್ಟೆಯವರೆಗೆ ತಲುಪುವುದು ಹೇಗೆ?

ಮೊದಲ ಕೊಂಡಿ ಚಿಕ್ಕಮಗಳೂರಿನ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ಅವರು ಕೊಲೆ ಮೊಕದ್ದಮೆ, ದೊಡ್ಡ ಸಿವಿಲ್ ಮೇಲ್ಮನವಿಗಳನ್ನು ನೋಡುವುದರ ಜತೆಗೆ ಇಡೀ ಜಿಲ್ಲೆಯ ಕೋರ್ಟುಗಳ ಆಡಳಿತದ ಮುಖ್ಯಸ್ಥರೂ ಹೌದು. ಬೆರಳಚ್ಚುಗಾರರು, ಶೀಘ್ರಲಿಪಿಗಾರರು, ಸಮನ್ಸು ಜಾರಿ ಮಾಡುವವರು, ಜವಾನರು - ಇವರ ನೇಮಕಾತಿಗೆ ಜಿಲ್ಲಾ ನ್ಯಾಯಾಲಯದ ಹೆಸರಿನಲ್ಲಿ ಪತ್ರಿಕೆಗಳಲ್ಲಿ ಬರುವ ಪ್ರಕಟಣೆಗಳನ್ನು ಓದುಗರು ನೋಡಿರಬಹುದು. ಒಂದು ಮೊಕದ್ದಮೆಯನ್ನು ಜಿಲ್ಲೆಯೊಳಗೆ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರವೂ ಅವರಿಗಿದೆ. ‘ಈ ಕೋರ್ಟಿನಲ್ಲಿ ನನಗೆ ನ್ಯಾಯ ಸಿಗಲಾರದು’ ಎಂದು ನಿಜವಾದ ಕಾರಣದಿಂದ ಅನಿಸಿದವರು ಹಾಕಬೇಕಾದ ಅರ್ಜಿ ಇದೇ.

ತಾಲ್ಲೂಕು ಕೋರ್ಟುಗಳಿಂದ ತಿಂಗಳಿಗೊಮ್ಮೆ ಲೆಕ್ಕ ಹೋಗುತ್ತದೆ. ತಿಂಗಳ ಆರಂಭದಲ್ಲಿ ಎಷ್ಟು ಮೊಕದ್ದಮೆಗಳಿದ್ದವು, ಎಷ್ಟು ಹೊಸದಾಗಿ ಬಂದವು, ಎಷ್ಟು ತೀರ್ಮಾನವಾದವು, ಹಳೆಯವು ಎಷ್ಟು ಎಂದು. ನ್ಯಾಯಾಧೀಶರ ಕೆಲಸವನ್ನು ಅಳೆಯಲು ‘ಯೂನಿಟ್’ ಎಂಬ ಅಂಕದ ಪದ್ಧತಿಯಿದೆ. ಇಂಥ ಬಗೆಯ ಮೊಕದ್ದಮೆ ಮುಗಿಸಿದರೆ ಇಷ್ಟು ಅಂಕ, ತಿಂಗಳಿಗೆ ಇಷ್ಟು ಅಂಕ ಆಗಲೇಬೇಕು ಎಂದು. ಮೊಕದ್ದಮೆಗಳನ್ನು ಅವುಗಳ ಸ್ವರೂಪಕ್ಕೆ ತಕ್ಕಂತೆ ವಿಂಗಡಿಸಿ ಕಾಲಮಿತಿ ಹಾಕುವ ನಿಯಮಗಳನ್ನೂ ಹೈಕೋರ್ಟು 2005ರಲ್ಲಿ ರೂಪಿಸಿತು.

ಈ ಅಂಕದ ಪದ್ಧತಿಯ ಬಗ್ಗೆ ವಕೀಲರ ವಲಯದಲ್ಲಿ ಗೊಣಗಾಟ ಇದ್ದೇ ಇದೆ. ಅಂಕ ಸುಲಭವಾಗಿ ಸಿಗುವ ಸಣ್ಣ ಕೇಸುಗಳು ಬೇಗ ಮುಗಿದು, ಹತ್ತಾರು ಸಾಕ್ಷಿಗಳಿರುವ ಹಳೆಯ ಪಾಲಿನ ದಾವೆ ಕಪಾಟಿನಲ್ಲಿ ಉಳಿಯುವ ಅಪಾಯವಿದೆ. ಅಂಕವೇ ಇಲ್ಲದಿದ್ದರೆ ಕೆಲಸ ಮಾಡುವವರನ್ನೂ ಮಾಡದವರನ್ನೂ ಬೇರ್ಪಡಿಸುವುದು ಹೇಗೆ ಎಂಬುದು ಎದುರು ವಾದ. ಎರಡರಲ್ಲೂ ಹುರುಳಿದೆ.

ಎರಡನೆಯ ಕೊಂಡಿ ಆಡಳಿತಾತ್ಮಕ ನ್ಯಾಯಮೂರ್ತಿ. ಪ್ರತಿ ಜಿಲ್ಲೆಯನ್ನೂ ಹೈಕೋರ್ಟಿನ ಒಬ್ಬೊಬ್ಬ ನ್ಯಾಯಮೂರ್ತಿಗೆ ವಹಿಸಲಾಗಿರುತ್ತದೆ. ಅವರು ಜಿಲ್ಲೆಗೆ ಭೇಟಿ ಕೊಟ್ಟು ಕೋರ್ಟುಗಳನ್ನು ನೋಡುತ್ತಾರೆ, ವಕೀಲರ ಸಂಘದವರ ಮಾತು ಕೇಳುತ್ತಾರೆ, ನ್ಯಾಯಾಧೀಶರ ಕೆಲಸ ಮತ್ತು ನಡತೆಯ ಬಗ್ಗೆ ಗೋಪ್ಯ ವರದಿಯ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುತ್ತಾರೆ. ಅವರು ಬರುವ ಸುದ್ದಿ ತಿಳಿದರೆ ತಾಲ್ಲೂಕು ಕೋರ್ಟಿನಲ್ಲಿ ಒಂದು ವಾರ ಮೊದಲೇ ಕಡತದ ಧೂಳು ಹಾರುತ್ತದೆ ಎಂಬುದು ವಕೀಲರ ನಗೆಮಾತು.

ಮೂರನೆಯದು ಹೈಕೋರ್ಟಿನ ಕಚೇರಿ. ರಿಜಿಸ್ಟ್ರಾರ್ ಜನರಲ್ ಅದರ ಮುಖ್ಯಸ್ಥರು. ಅವರ ಜತೆಗೆ ಆಡಳಿತ, ನ್ಯಾಯಿಕ ಕೆಲಸ, ನೇಮಕಾತಿ, ಗಣಕ, ಕಟ್ಟಡ ಮುಂತಾದವಕ್ಕೆ ಬೇರೆಬೇರೆ ರಿಜಿಸ್ಟ್ರಾರರು. ಇವರಲ್ಲಿ ಜಾಗೃತ ವಿಭಾಗದ ರಿಜಿಸ್ಟ್ರಾರ್ ಒಬ್ಬರಿದ್ದಾರೆ. ಕೆಳಗಿನ ನ್ಯಾಯಾಧೀಶರು ಮತ್ತು ಸಿಬ್ಬಂದಿಯ ಮೇಲಿನ ಲಂಚ, ದುರ್ನಡತೆಯ ದೂರುಗಳು ಹೋಗುವುದು ಅಲ್ಲಿಗೆ. ಹೆಸರಿಲ್ಲದ ಮೂಗರ್ಜಿಗೆ ಬೆಲೆಯಿಲ್ಲ. ನ್ಯಾಯಾಧೀಶರ ಮೇಲಿನ ದೂರಿಗೆ ಪ್ರಮಾಣಪತ್ರ, ಪರಿಶೀಲಿಸಬಹುದಾದ ಆಧಾರ ಬೇಕು. ಸೋತವರೆಲ್ಲ ದೂರು ಬರೆದರೆ ಯಾವ ನ್ಯಾಯಾಧೀಶರೂ ಧೈರ್ಯದಿಂದ ತೀರ್ಪು ಬರೆಯಲಾರರು ಎಂಬುದು ಇದರ ಹಿಂದಿನ ಎಚ್ಚರ.

ಬರುವುದು, ಹೋಗುವುದು

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪರೀಕ್ಷೆ, ಸಂದರ್ಶನ ನಡೆಸುವುದು ಹೈಕೋರ್ಟು. ಆಯ್ಕೆಯಾದವರಿಗೆ ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ. ಪದವಿ ಮುಗಿಸಿದವರು ನೇರವಾಗಿ ನ್ಯಾಯಾಧೀಶರಾಗಬಹುದೇ ಎಂಬ ಚರ್ಚೆ ಬಹುಕಾಲ ನಡೆದಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟು ಕನಿಷ್ಠ ಮೂರು ವರ್ಷಗಳ ವಕೀಲಿ ಅನುಭವ ಇರಬೇಕೆಂಬ ನಿಯಮವನ್ನು ಮತ್ತೆ ತಂದಿತು. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಕಾಲು ಭಾಗ ಕನಿಷ್ಠ ಏಳು ವರ್ಷ ಅನುಭವವಿರುವವರ ನೇರ ನೇಮಕಾತಿಗೆ ಮೀಸಲು. ಉಳಿದವು ಕೆಳಗಿನಿಂದ ಬಡ್ತಿ ಪಡೆದವರಿಗೆ. ನೇಮಕದ ಆದೇಶಕ್ಕೆ ರಾಜ್ಯಪಾಲರ ಹೆಸರಿನ ಮೊಹರು ಇರುತ್ತದೆ. ಆದರೆ ಆಯ್ಕೆಯ ತೂಕ ಹೈಕೋರ್ಟಿನದು. ಕೆಲಸದಿಂದ ತೆಗೆಯುವ ಆದೇಶವನ್ನೂ ರಾಜ್ಯಪಾಲರೇ ಹೊರಡಿಸಬೇಕು, ಆದರೆ ಹೈಕೋರ್ಟಿನ ಶಿಫಾರಸಿನಂತೆ.

ವರ್ಗಾವಣೆ ಪೂರ್ತಿಯಾಗಿ ಹೈಕೋರ್ಟಿನ ಕೈಯಲ್ಲಿದೆ. ಸಾಮಾನ್ಯ ವರ್ಗಾವಣೆ ಬೇಸಿಗೆ ರಜೆಯ ಆಸುಪಾಸಿನಲ್ಲಿ ನಡೆಯುತ್ತದೆ. ಒಂದೇ ಊರಿನಲ್ಲಿ ಬೇರು ಬಿಡಬಾರದು, ಸ್ಥಳೀಯರ ಹಂಗಿಗೆ ಬೀಳಬಾರದು ಎಂಬುದು ಅದರ ಉದ್ದೇಶ. ಕೆರೆಕಟ್ಟೆಯ ಬೆಳೆಗಾರನಿಗೆ ಕಂಡದ್ದು ಅದರ ಇನ್ನೊಂದು ಮುಖ. ಸಾಕ್ಷಿಯ ಮಾತು ಕೇಳಿದವರು ಒಬ್ಬರು, ವಾದ ಕೇಳುವವರು ಇನ್ನೊಬ್ಬರು. ಹುದ್ದೆ ಖಾಲಿಯಿದ್ದರಂತೂ ಪಕ್ಕದ ತಾಲ್ಲೂಕಿನವರು ಪ್ರಭಾರ ವಹಿಸಿ, ತಮ್ಮ ಕೆಲಸದ ಮೇಲೆ ಇದನ್ನೂ ಹೊರಬೇಕು.

ನ್ಯಾಯಾಧೀಶರ ಸಂಬಳ, ಮನೆ, ಪುಸ್ತಕ, ಪಿಂಚಣಿಗಳ ಬಗ್ಗೆ ಇಡೀ ದೇಶಕ್ಕೆ ದಾರಿ ಹಾಕಿದವರಲ್ಲಿ ಕನ್ನಡಿಗರೊಬ್ಬರಿದ್ದಾರೆ. 1996ರಲ್ಲಿ ರಚನೆಯಾದ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಅಧ್ಯಕ್ಷತೆ ವಹಿಸಿದ್ದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. 1999ರ ಅವರ ವರದಿಯ ಬಹುಪಾಲನ್ನು ಸುಪ್ರೀಂ ಕೋರ್ಟು 2002ರಲ್ಲಿ ಒಪ್ಪಿತು. ಸಿವಿಲ್ ನ್ಯಾಯಾಧೀಶ, ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಎಂಬ ಮೂರು ಮೆಟ್ಟಿಲು ದೇಶದುದ್ದಕ್ಕೂ ಒಂದೇ ರೀತಿ ನೆಲೆಗೊಳ್ಳುವುದರಲ್ಲಿ ಆ ವರದಿಯ ಪಾತ್ರ ದೊಡ್ಡದು.

ಹಣದ ಥೈಲಿ ಎದುರು ಕಟ್ಟಡದಲ್ಲಿ

ಹೈಕೋರ್ಟಿನ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂದು ಹೆಸರು. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಬಂದ ಹೆಸರದು. ಕಟ್ಟಿ ಮುಗಿದದ್ದು 1868ರಲ್ಲಿ. 1956ರಲ್ಲಿ ವಿಧಾನಸೌಧ ಸಿದ್ಧವಾದಾಗ ಸರ್ಕಾರ ರಸ್ತೆ ದಾಟಿ ಎದುರಿಗೆ ಹೋಯಿತು. ಕೆಂಪು ಕಟ್ಟಡ ನ್ಯಾಯದೇವತೆಗೆ ಉಳಿಯಿತು. ಅಂದಿನಿಂದ ಎರಡೂ ಮುಖಾಮುಖಿಯಾಗಿ ನಿಂತಿವೆ.

ನ್ಯಾಯಾಧೀಶರ ಮೇಲಿನ ನಿಯಂತ್ರಣ ಕೆಂಪು ಕಟ್ಟಡದಲ್ಲಿದ್ದರೂ ಹಣದ ಥೈಲಿ ಇರುವುದು ಎದುರು ಕಟ್ಟಡದಲ್ಲಿ. ಹೈಕೋರ್ಟಿನ ಆಡಳಿತ ವೆಚ್ಚ ಶಾಸನಸಭೆಯ ಮತಕ್ಕೆ ಒಳಪಡದೆ ರಾಜ್ಯದ ಸಂಚಿತ ನಿಧಿಯಿಂದ ಸಲ್ಲುತ್ತದೆ. ಆದರೆ ಹೊಸ ಕೋರ್ಟು ಬೇಕೆಂದರೆ, ಹುದ್ದೆ ಮಂಜೂರಾಗಬೇಕೆಂದರೆ, ಸೋರುವ ಮಾಡು ದುರಸ್ತಿಯಾಗಬೇಕೆಂದರೆ ಕಾನೂನು ಇಲಾಖೆ, ಹಣಕಾಸು ಇಲಾಖೆ, ಲೋಕೋಪಯೋಗಿ ಇಲಾಖೆಗಳ ಮೇಜು ದಾಟಬೇಕು. ಕೋರ್ಟು ಕಟ್ಟಡಗಳಿಗೆ ಕೇಂದ್ರದ ನೆರವಿನ ಯೋಜನೆ 1993-94ರಿಂದ ಇದೆ. ರಾಜ್ಯ ತನ್ನ ಪಾಲು ಹಾಕಬೇಕು.

ವಿಳಂಬಕ್ಕೆ ನ್ಯಾಯಾಧೀಶರನ್ನು ದೂರುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೋರ್ಟಿನ ಹಾಲಿನಲ್ಲಿ ಕಾಣುವ ಎಲ್ಲರೂ ಹೈಕೋರ್ಟಿನ ಅಧೀನರಲ್ಲ. ಸರ್ಕಾರಿ ಅಭಿಯೋಜಕರು ಸರ್ಕಾರದವರು. ಸಾಕ್ಷಿಗೆ ಸಮನ್ಸು ಮುಟ್ಟಿಸುವ ಪೊಲೀಸರು ಗೃಹ ಇಲಾಖೆಯವರು. ಗಡಿ ಅಳೆದು ನಕಾಶೆ ಕೊಡಬೇಕಾದ ಸರ್ವೆಯವರು ಕಂದಾಯ ಇಲಾಖೆಯವರು. ವಕೀಲರ ಶಿಸ್ತಿನ ಪ್ರಶ್ನೆ 1961ರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನದು. ಇವರಲ್ಲಿ ಒಬ್ಬರು ಬಾರದಿದ್ದರೂ ಸಿಗುವುದು ಇನ್ನೊಂದು ವಾಯಿದೆ.

ಕೋರ್ಟೆಂಬ ಹೆಸರಿನ ಕಚೇರಿಗಳು

ಮಲೆನಾಡಿನಲ್ಲಿ ‘ಕೋರ್ಟಿಗೆ ಹೋಗಿದ್ದೆ’ ಎನ್ನುವವರೆಲ್ಲ ನ್ಯಾಯಾಧೀಶರ ಮುಂದೆ ಹೋದವರಲ್ಲ. ಪಹಣಿಯ ತಕರಾರು ಮೊದಲು ತಹಸೀಲ್ದಾರರ ಮುಂದೆ, ಆಮೇಲೆ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದೆ ನಡೆಯುತ್ತದೆ. ಗೇಣಿಯ ಪ್ರಶ್ನೆ ಭೂನ್ಯಾಯ ಮಂಡಳಿಗೆ ಸೇರಿದ್ದು. 1974ರ ತಿದ್ದುಪಡಿಯ ನಂತರ ‘ಉಳುವವನೇ ಹೊಲದೊಡೆಯ’ ಎಂದಾಗ ಈ ಭಾಗದಲ್ಲಿ ಎಷ್ಟೋ ಮನೆಗಳ ಹಣೆಬರಹ ಬರೆದವು ಈ ಮಂಡಳಿಗಳೇ. ಇವುಗಳ ಅಧಿಕಾರಿಗಳು ಸರ್ಕಾರದ ನೌಕರರು. ಅವರ ವರ್ಗಾವಣೆ ಹೈಕೋರ್ಟಿನ ಕೈಯಲ್ಲಿಲ್ಲ. ಆದರೆ ಅವರ ಆದೇಶ ಕಾನೂನಿನ ಎಲ್ಲೆ ಮೀರಿದರೆ ರಿಟ್ ಅರ್ಜಿಯ ಮೂಲಕ ಹೈಕೋರ್ಟು ಕೈಹಾಕಬಲ್ಲದು. ಮಂಡಳಿಯ ತೀರ್ಮಾನ ಹೈಕೋರ್ಟಿನಲ್ಲಿ ರದ್ದಾಗಿ, ಮತ್ತೆ ಮಂಡಳಿಗೇ ಬಂದು, ಅಪ್ಪನ ಕಾಲದ ಅರ್ಜಿ ಮಗನ ಕಾಲಕ್ಕೆ ಮುಗಿದ ಉದಾಹರಣೆಗಳು ಮಲೆನಾಡಿನಲ್ಲಿ ಅಪರೂಪವಲ್ಲ.

ಭೂಕಬಳಿಕೆ ತಡೆಗೆಂದು ಕಾಯ್ದೆಯಾಗಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಆರಂಭವಾದಾಗ, ಮಲೆನಾಡಿನ ಸಣ್ಣ ಒತ್ತುವರಿದಾರರೂ ರಾತ್ರಿ ಬಸ್ಸಿನಲ್ಲಿ ರಾಜಧಾನಿಗೆ ಹೋಗಬೇಕಾಗಿ ಬಂದ ದೂರು ಕೇಳಿಬಂತು. ರೈತರಿಗೆ ರಿಯಾಯಿತಿ ಕೊಡಲು 2020ರಲ್ಲಿ ಕಾಯ್ದೆಯನ್ನು ತಿದ್ದಬೇಕಾಯಿತು. ಕೋರ್ಟು ಎಲ್ಲಿದೆ ಎಂಬುದೂ ನ್ಯಾಯದ ಒಂದು ಭಾ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೇಲಿನವರ ಮೇಲೆ ಯಾರು?

ತಾಲ್ಲೂಕಿನ ಮೇಲೆ ಜಿಲ್ಲೆ, ಜಿಲ್ಲೆಯ ಮೇಲೆ ಹೈಕೋರ್ಟು. ಹೈಕೋರ್ಟಿನ ಮೇಲೆ? ತೀರ್ಪಿನ ಮಟ್ಟಿಗೆ ಸುಪ್ರೀಂ ಕೋರ್ಟು ಇದೆ. ಆದರೆ ಹೈಕೋರ್ಟು ಜಿಲ್ಲೆಯ ಕೋರ್ಟುಗಳನ್ನು ತಪಾಸಣೆ ಮಾಡಿದಂತೆ ಸುಪ್ರೀಂ ಕೋರ್ಟು ಹೈಕೋರ್ಟನ್ನು ತಪಾಸಣೆ ಮಾಡುವುದಿಲ್ಲ. ಹೈಕೋರ್ಟಿನ ನ್ಯಾಯಮೂರ್ತಿ ಯಾರ ಕೈಕೆಳಗಿನ ಅಧಿಕಾರಿಯೂ ಅಲ್ಲ.

ಕರ್ನಾಟಕ ಹೈಕೋರ್ಟಿಗೆ ಮಂಜೂರಾದ ನ್ಯಾಯಮೂರ್ತಿಗಳ ಸಂಖ್ಯೆ 62. ಅವರ ನೇಮಕ 1993 ಮತ್ತು 1998ರ ತೀರ್ಪುಗಳಿಂದ ರೂಪುಗೊಂಡ ಕೊಲಿಜಿಯಂ ಪದ್ಧತಿಯಂತೆ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ನಡೆಯುತ್ತದೆ. ಅದನ್ನು ಬದಲಿಸಿ ಆಯೋಗ ರಚಿಸುವ ಸಂವಿಧಾನ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2015ರ ಅಕ್ಟೋಬರ್ 16ರಂದು ರದ್ದು ಮಾಡಿತು. ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವುದು ಸರಿಯೇ ಎಂಬ ಚರ್ಚೆ ನಿಂತಿಲ್ಲ. ಅವರನ್ನು ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದವರೊಬ್ಬರ ವಿರುದ್ಧ 2009ರಲ್ಲಿ ರಾಜ್ಯಸಭೆಯ ಸದಸ್ಯರು ಇಂಥ ನಿಲುವಳಿಗೆ ಸಹಿ ಹಾಕಿದ್ದರು. 2011ರಲ್ಲಿ ಅವರು ರಾಜೀನಾಮೆ ಕೊಟ್ಟಾಗ, ಸದನದಲ್ಲಿ ಮತಕ್ಕೆ ಬರುವ ಮುನ್ನವೇ ಆ ಪ್ರಕರಣ ಮುಗಿಯಿತು.

ಹೀಗಾಗಿ ಮೇಲಿನ ಮೆಟ್ಟಿಲಿಗೆ ಉಳಿದಿರುವ ದೊಡ್ಡ ಕಾವಲು ಎಂದರೆ ಬಾಗಿಲು ತೆರೆದಿರುವುದು. ಕೋರ್ಟಿನ ಕಲಾಪ ಬಹಿರಂಗವಾಗಿ ನಡೆಯಬೇಕು, ತೀರ್ಪಿಗೆ ಕಾರಣ ಬರೆಯಬೇಕು ಎಂಬ ನಿಯಮ ಇದಕ್ಕಾಗಿಯೇ ಇದೆ. ಕಲಾಪದ ನೇರ ಪ್ರಸಾರದ ನಿಯಮಗಳು ಕರ್ನಾಟಕ ಹೈಕೋರ್ಟಿನಲ್ಲಿ 2022ರ ಜನವರಿ 1ರಿಂದ ಜಾರಿಗೆ ಬಂದವು. ಬೆಂಗಳೂರಿನ ಹಾಲಿನಲ್ಲಿ ನಡೆಯುವ ವಾದವನ್ನು ಸಿಗ್ನಲ್ ಸಿಕ್ಕರೆ ಕೆರೆಕಟ್ಟೆಯ ಜಗಲಿಯಲ್ಲೂ ನೋಡಬಹುದು. ಭಾಷೆಯ ಅಡ್ಡಿ ಮಾತ್ರ ಉಳಿದಿದೆ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಸ್ಥಾನವಿದೆ; ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷು. 2024ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ನೀಡಿದ್ದು ದೊಡ್ಡ ಸುದ್ದಿಯಾದದ್ದೇ ಅದು ಎಷ್ಟು ಅಪರೂಪ ಎಂಬುದನ್ನು ಹೇಳುತ್ತದೆ.

ಕೈಗೆ ಎಟಕುವ ಬಾಗಿಲುಗಳು

‘ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೂ ಕೆರೆಕಟ್ಟೆಯ ಬೆಳೆಗಾರ ಅಸಹಾಯಕನೇನಲ್ಲ. ಪ್ರತಿ ಮೊಕದ್ದಮೆಗೂ ಈಗ 16 ಅಕ್ಷರ, ಅಂಕಿಗಳ ಒಂದು ಗುರುತಿನ ಸಂಖ್ಯೆಯಿದೆ. ಅದನ್ನು ಮೊಬೈಲಿನಲ್ಲಿ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ದಿನ ಏನಾಯಿತು ಎಂದು ತಿಳಿಯುತ್ತದೆ. ಬಸ್ಸಿನ ಖರ್ಚಾದರೂ ಉಳಿಯುತ್ತದೆ. ವಕೀಲರ ಶುಲ್ಕ ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. 1987ರಲ್ಲಿ ಮಾಡಿ 1995ರ ನವೆಂಬರ್ 9ರಂದು ಜಾರಿಗೆ ತಂದ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಮಿತಿಯ ಅಧ್ಯಕ್ಷರು ಅದೇ ಊರಿನ ಹಿರಿಯ ನ್ಯಾಯಾಧೀಶರು. ಲೋಕ ಅದಾಲತಿನಲ್ಲಿ ರಾಜಿಯಾದರೆ ಮೇಲ್ಮನವಿಯ ಪ್ರಶ್ನೆಯೇ ಇಲ್ಲ. ಕಟ್ಟಿದ ಕೋರ್ಟು ಶುಲ್ಕವೂ ವಾಪಸು ಬರುತ್ತದೆ.

ಕುರ್ಚಿ ಖಾಲಿಯಿದ್ದರೆ? ಜಿಲ್ಲಾ ನ್ಯಾಯಾಧೀಶರಿಗೆ, ರಿಜಿಸ್ಟ್ರಾರ್ ಜನರಲ್ ಅವರಿಗೆ ಒಂದು ಮನವಿ ಬರೆಯಬಹುದು. ಒಬ್ಬ ಬರೆದರೆ ಅದು ಒಂದು ಕಾಗದ. ಊರಿನ ವಕೀಲರ ಸಂಘದ ಮೂಲಕ ಹೋದರೆ ಅದಕ್ಕೆ ಬೇರೆ ತೂಕ. ಆಡಳಿತಾತ್ಮಕ ನ್ಯಾಯಮೂರ್ತಿ ಬಂದಾಗ ಹೇಳಿಕೊಳ್ಳಬಹುದು.

ಶಾಸಕರಿಂದ ಒಂದು ಮಾತು ಹೇಳಿಸಿ ನ್ಯಾಯಾಧೀಶರನ್ನು ಬೇಗ ಕರೆಸಿಕೊಳ್ಳಲು ಆಗುವುದಿಲ್ಲವಲ್ಲ ಎಂದು ಆತನಿಗೆ ಬೇಸರವಾಗಬಹುದು. ಆದರೆ ಹಾಗೆ ಕರೆಸಿಕೊಳ್ಳುವ ಶಕ್ತಿ ಶಾಸಕರಿಗೆ ಇದ್ದಿದ್ದರೆ ಕಳಿಸುವ ಶಕ್ತಿಯೂ ಇರುತ್ತಿತ್ತು. ಅಗಳಿನ ಆಚೆಯ ಮನೆಯವನು ತನಗಿಂತ ಮೊದಲೇ ಶಾಸಕರ ಮನೆ ಬಾಗಿಲು ತಟ್ಟಿದ್ದರೆ ಎಂಬ ಪ್ರಶ್ನೆಯನ್ನು ಬೆಳೆಗಾರ ತನಗೆ ತಾನೇ ಕೇಳಿಕೊಂಡರೆ, ಮುನ್ನೂರು ಕಿಲೋಮೀಟರಿನ ಆ ದೂರ ಏಕಿದೆ ಎಂಬುದು ಅರ್ಥವಾದೀತು. ಆ ದೂರವನ್ನು ಉಳಿಸಿಕೊಂಡೇ ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳುವುದು ಕೆಂಪು ಕಟ್ಟಡ ಮತ್ತು ಅದರ ಎದುರಿನ ಕಲ್ಲು ಕಟ್ಟಡ, ಎರಡರ ಮೇಲೂ ಇರುವ ಹೊಣೆ.